ಭಾನುವಾರದ ಸಿಂಥ್ ಜ್ಯಾಮ್: ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ 🙏

ಈ ಭಾನುವಾರ ಸಂಜೆ 4ಕ್ಕೆ ನಮ್ಮ ಮನೆ ಮಹಡಿಯಲ್ಲಿ ಸಿಂಥ್ (ಎಲೆಕ್ಟ್ರಾನಿಕ್ ಆಗಿ ಸದ್ದು ಹುಟ್ಟಿಸುವ ವಾದ್ಯ) ಜ್ಯಾಮ್‌ನ ಲೈವ್ ರೆಕಾರ್ಡಿಂಗ್ ಇದೆ. ವಾದ್ಯ ತರುವವರು 3 ಗಂಟೆಗೇ ಬನ್ನಿ. ಕೇಬಲ್ ಜೋಡಿಸೋದಕ್ಕೇ ಒಂದು ಗಂಟೆ ಹೋಗುತ್ತೆ, ಗೊತ್ತಲ್ವಾ?

ಸೌಂಡ್‌ಗಳನ್ನು ಮನೆಯಲ್ಲೇ ಮಾಡಿಕೊಂಡು ಬನ್ನಿ. ವೋಲ್ಕಾ ಬೇಸ್ (ಕೊರ್ಗ್‌ನ ಪುಟ್ಟ ಬೇಸ್ ಸಿಂಥ್) ಇರುವವರು ಗಮನಿಸಿ: ಅದರಲ್ಲಿ ಸೀಕ್ವೆನ್ಸ್ (ಸ್ವರಗಳ ಸಾಲು) ಸೇವ್ ಆಗುತ್ತೆ, ನಾಬ್‌ಗಳ ಸ್ಥಾನ ಆಗಲ್ಲ. ಫೋಟೊ ತೆಗೆದಿಟ್ಟುಕೊಳ್ಳಿ. ಕಳೆದ ಸಲ ಬ್ಯಾಗಿನಿಂದ ತೆಗೆಯುವಾಗ ನನ್ನ ಕಟಾಫ್ ನಾಬ್ (ಫಿಲ್ಟರ್ ಎಲ್ಲಿಂದ ಸದ್ದು ತಡೆಯಬೇಕು ಅಂತ ಹೊಂದಿಸುವುದು) ತಿರುಗಿ, ಅಷ್ಟು ಚೆನ್ನಾಗಿದ್ದ ಬೇಸ್ ಸೊಳ್ಳೆ ಗುಂಯ್‌ಗುಟ್ಟಿದ ಹಾಗಾಯಿತು!

ಕ್ಲಾಕ್ (ಎಲ್ಲ ವಾದ್ಯಗಳನ್ನೂ ಒಂದೇ ತಾಳದಲ್ಲಿಡುವ ಸಿಗ್ನಲ್) ನನ್ನ ಡ್ರಮ್ ಮಷೀನ್‌ನಿಂದ, ಟೆಂಪೊ ನಿಮಿಷಕ್ಕೆ 96 ಬೀಟ್. ಉಳಿದವರು ಎಕ್ಸ್‌ಟರ್ನಲ್ ಸಿಂಕ್‌ಗೆ (ಹೊರಗಿನ ಕ್ಲಾಕ್ ಅನುಸರಿಸುವಂತೆ) ಹಾಕಿ. ಪ್ರತಿಯೊಬ್ಬರದ್ದೂ ಬೇರೆ ಟ್ರ್ಯಾಕ್, 24 ಬಿಟ್. ಪೀಕ್ (ಸದ್ದಿನ ಅತಿ ಜೋರಾದ ಮಟ್ಟ) ಮೈನಸ್ 12 ಡಿಬಿ ದಾಟಬಾರದು. ಫಿಲ್ಟರ್ ರೆಸೊನೆನ್ಸ್ (ಕಟಾಫ್ ಸುತ್ತಲಿನ ಸದ್ದನ್ನು ಎತ್ತಿ ತೋರಿಸುವುದು) ಏರಿಸಿದಾಗ ಲೆವೆಲ್ ಒಮ್ಮೆಲೇ ಜಿಗಿಯುತ್ತೆ, ಒಡೆದ ಸದ್ದನ್ನು ಆಮೇಲೆ ಸರಿ ಮಾಡೋದು ಕಷ್ಟ.

ಎಲ್ಲರೂ ಒಟ್ಟಿಗೆ ನುಡಿಸಬೇಡಿ, ಸುಮ್ನೆ ಕೇಳುವುದೂ ಜ್ಯಾಮೇ. ಅಡಾಪ್ಟರ್ ಮರೀಬೇಡಿ.

ಯಾರು ಬರ್ತೀರಿ, ಯಾವ ಸಿಂಥ್, ಮೋನೋನಾ ಸ್ಟೀರಿಯೋನಾ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಇಂಟರ್‌ಫೇಸ್‌ನಲ್ಲಿ (ಸದ್ದನ್ನು ಕಂಪ್ಯೂಟರ್‌ಗೆ ಕಳಿಸುವ ಪೆಟ್ಟಿಗೆ) ಇರುವುದು 8 ಇನ್‌ಪುಟ್ ಮಾತ್ರ, ಸ್ಟೀರಿಯೋಗೆ ಎರಡು ಬೇಕು. ಟೀ, ಮಂಡಕ್ಕಿ ನನ್ನ ಕಡೆಯಿಂದ.