ಆ ಹಸಿರು ಬೀರುವಿನ ಬೀಗ ತೆಗೆ

ಪ್ರೀತಿಯ ವೀಣಾ,

ನಿನ್ನೆ ರಾತ್ರಿ ನಿನ್ನಮ್ಮ ಫೋನ್ ಮಾಡಿದ್ದಳು. ಮಗಳು ಎಚ್‌ಎಂ, ಅಂದರೆ ಶಾಲೆಯ ಮುಖ್ಯೋಪಾಧ್ಯಾಯಿನಿ, ಆದಳು ಅಂತ ಹೇಳುವಷ್ಟರಲ್ಲಿ ಗಂಟಲು ಕಟ್ಟಿತ್ತು. ಆಮೇಲೆ ನಿನ್ನ ಮೆಸೇಜ್ ನೋಡಿದೆ. 'ಮಾವ, ಚಾರ್ಜ್ ಲಿಸ್ಟ್‌ನಲ್ಲಿ 43 ರಿಜಿಸ್ಟರ್ ಇವೆ, ಮಕ್ಕಳ ಮುಖ ಇನ್ನೂ ನೋಡಿಲ್ಲ' ಅಂತ ಬರೆದಿದ್ದೀಯ. ನಗು ಬಂತು, ಸ್ವಲ್ಪ ಬೇಜಾರೂ ಆಯಿತು. ನಾನು ರಿಟೈರ್ ಆಗುವವರೆಗೂ ಆ ರಿಜಿಸ್ಟರ್‌ಗಳ ಒಳಗೇ ಇದ್ದವನು.

ಮಕ್ಕಳು ಕಾರ್ಡ್ ಹಿಡಿದು ನಲಿಯುತ್ತಾ ಕಲಿಯುವ ನಲಿ-ಕಲಿ ಪದ್ಧತಿ ಹುಟ್ಟಿದ್ದು ನಮ್ಮ ಕಡೆಯೇ ಅಲ್ವಾ, 1995ರಲ್ಲಿ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ನಾನಾಗ ಪಕ್ಕದ ಹುಣಸೂರಿನಲ್ಲಿದ್ದೆ. ಕೋಟೆಯ ಕೆಲವು ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಗೆ ಹೋದರು, ಒಂದೇ ಕೋಣೆಯಲ್ಲಿ ಬೇರೆ ಬೇರೆ ಮಟ್ಟದ ಮಕ್ಕಳು ಕಾರ್ಡ್ ಹಿಡಿದು ತಮ್ಮ ಪಾಡಿಗೆ ಕಲಿಯುವುದನ್ನು ನೋಡಿ ಬಂದರು, ಬಂದವರೇ ಕೂತು ನಮ್ಮ ಮಕ್ಕಳಿಗೆ ಬೇಕಾದ ಹಾಗೆ ಕನ್ನಡದಲ್ಲಿ ಕಾರ್ಡ್ ಮಾಡಿದರು. ಯುನಿಸೆಫ್ ನೆರವೂ ಇತ್ತು. ಆದರೆ ಅದು ನಡೆದದ್ದು ಮೇಷ್ಟ್ರುಗಳಿಗೆ ಅದು ತಮ್ಮದು ಅನ್ನಿಸಿದ್ದರಿಂದ. ಯಾವ ಕಾರ್ಡ್ ಮಕ್ಕಳಿಗೆ ಹಿಡಿಸಲಿಲ್ಲವೋ ಅದನ್ನು ಅವರೇ ಬದಲಾಯಿಸುತ್ತಿದ್ದರು, ಯಾರನ್ನೂ ಕೇಳುತ್ತಿರಲಿಲ್ಲ.

2009-10ರಲ್ಲಿ ಅದು ರಾಜ್ಯಕ್ಕೆಲ್ಲ ಬಂತು. ನಮ್ಮ ಶಾಲೆಗೆ ಕಾರ್ಡುಗಳು ಕಟ್ಟು ಕಟ್ಟಾಗಿ ಬಂದವು. ನಾನು ಏನು ಮಾಡಿದೆ ಗೊತ್ತಾ? ಎಣಿಸಿ, ಸ್ಟಾಕ್ ಬುಕ್ಕಿಗೆ ಹತ್ತಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಒಂದು ಕಾರ್ಡ್ ಹರಿದರೂ ಆಡಿಟ್‌ನಲ್ಲಿ ನಾನು ಉತ್ತರ ಕೊಡಬೇಕಲ್ಲ ಅನ್ನುವ ಹೆದರಿಕೆ. ಶಾಲೆ ನೋಡಲು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬರುತ್ತಾರೆ ಅಂತ ಸುದ್ದಿ ಬಂದ ದಿನ ತೆಗೆದು ಚಾಪೆಯ ಮೇಲೆ ಹರಡುವುದು, ಅವರ ಬೈಕ್ ತಿರುವು ದಾಟಿದ ಮೇಲೆ ಮತ್ತೆ ಒಳಗೆ. ಮೂರನೇ ಮಳೆಗಾಲದಲ್ಲಿ ಬೀರು ತೆಗೆದಾಗ ಕೆಳಗಿನ ಎರಡು ಅಂಕಣ ಪೂರ್ತಿ ಗೆದ್ದಲು. ಗಿಣಿ, ಆನೆ, ಬಾಳೆಹಣ್ಣಿನ ಚಿತ್ರ ಎಲ್ಲ ಮಣ್ಣಾಗಿ ಕೈಗೆ ಅಂಟಿದವು. ಮೇಲಿನ ಅಂಕಣದ ಸ್ಟಾಕ್ ಬುಕ್ ಮಾತ್ರ ಹೊಸದರ ಹಾಗೇ ಇತ್ತು.

ಯಾರೂ ನನ್ನನ್ನು ಏನೂ ಕೇಳಲಿಲ್ಲ ಕಣಮ್ಮ. ಲೆಕ್ಕ ಸರಿ ಇತ್ತಲ್ಲ.

ಇಲಾಖೆಯಿಂದ ಹೊಸ ಯೋಜನೆ ಬರುತ್ತಲೇ ಇರುತ್ತದೆ, ಅದರಲ್ಲಿ ಒಳ್ಳೆಯವೂ ಇರುತ್ತವೆ. ಅದು ಮಗುವಿನ ಕೈಗೆ ಹೋಗಬೇಕೋ ಬೀರುವಿಗೆ ಹೋಗಬೇಕೋ ಅನ್ನುವುದು ಎಚ್‌ಎಂ ಕೈಲಿ. ಹರಿದರೆ ಹರಿಯಲಿ. ಬಳಸಿ ಸವೆದಿದೆ ಅಂತ ಪಾಲಕರಿರುವ ಶಾಲಾ ಸಮಿತಿಯಾದ ಎಸ್‌ಡಿಎಂಸಿ ಸಭೆಯಲ್ಲಿ ನಡಾವಳಿ ಬರೆಸು, ಅಷ್ಟು ಸಾಕು. ಇದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಬೆಳಗಿನ ಮೊದಲ ಪೀರಿಯಡ್ ಯಾವುದಾದರೂ ಒಂದು ಕ್ಲಾಸು ನಿನ್ನದೇ ಇರಲಿ. ಆ ಹೊತ್ತಿನಲ್ಲಿ ತಾಲ್ಲೂಕಿನ ಬಿಇಒ (ಶಿಕ್ಷಣಾಧಿಕಾರಿ) ಆಫೀಸಿನಿಂದ ಫೋನ್ ಬಂದರೂ 'ಕ್ಲಾಸಲ್ಲಿದ್ದೀನಿ ಸಾರ್' ಅನ್ನು. ಎರಡು ಸಲ ಬೈಯ್ಯುತ್ತಾರೆ, ಮೂರನೇ ಸಲ ಹತ್ತು ಗಂಟೆ ಮೇಲೆ ಮಾಡುತ್ತಾರೆ. ಐದನೇ ಕ್ಲಾಸಿನ ಮಕ್ಕಳ ಕೈಗೆ ಎರಡನೇ ಕ್ಲಾಸಿನ ಪಾಠ ಕೊಟ್ಟು, ಒಬ್ಬೊಬ್ಬರನ್ನೇ ಪಕ್ಕ ಕೂರಿಸಿಕೊಂಡು ಓದಿಸು. ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಅಂತ ನೋಡುವ ಅಸರ್ ಸಮೀಕ್ಷೆಯವರು ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ಒತ್ತಕ್ಷರ ಬಂದ ಕಡೆ ನಿಲ್ಲುವ ಮಗು ಯಾವುದು, ಪಕ್ಕದವನನ್ನು ಕೇಳಿ ಬಾಯಿಪಾಠ ಒಪ್ಪಿಸುವ ಮಗು ಯಾವುದು, ನಿನಗೇ ತಿಳಿಯುತ್ತದೆ. ಆ ಪಟ್ಟಿ ನಿನ್ನ ಹತ್ತಿರವೇ ಇರಲಿ, ಅದನ್ನು ಹಿಡಿದು ಯಾವ ಮೇಡಂ ಅನ್ನೂ ನಿಲ್ಲಿಸಿ ಕೇಳಬೇಡ. ಮರುದಿನ ನೀನೇ ಆ ಮಕ್ಕಳ ಜೊತೆ ಕೂತು ಓದಿಸು, ಮೇಡಂಗಳು ತಾವಾಗಿಯೇ ಬರುತ್ತಾರೆ.

ಅತಿಥಿ ಶಿಕ್ಷಕಿ ಇಬ್ಬರಿದ್ದಾರೆ ಅಂದೆಯಲ್ಲ, ಅವರಿಗೆ ಸಂಬಳ ತಡವಾಗುತ್ತದೆ. ಬಿಲ್ಲು ನೀನು ಒಂದು ದಿನವೂ ತಡ ಮಾಡಬೇಡ. ಸ್ಟಾಫ್ ಮೀಟಿಂಗ್‌ನಲ್ಲಿ ಅವರಿಗೂ ಕುರ್ಚಿ, ಅವರಿಗೂ ಮಾತು.

ಎಸ್‌ಡಿಎಂಸಿ ವಿಷಯ. ವಿಜ್ಞಾನಿ ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆ ಹೇಳಿದ ಮೇಲೆ 2001ರಲ್ಲಿ ಬಂದದ್ದು ಅದು. ಆಮೇಲೆ ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆ ಬಂದು, ಮುಕ್ಕಾಲು ಭಾಗ ಪಾಲಕರೇ ಇರಬೇಕು, ಅರ್ಧ ಹೆಂಗಸರು ಇರಬೇಕು ಅಂತಾಯಿತು. ಕಾಗದದಲ್ಲಿ ಎಲ್ಲ ಸರಿ ಇರುತ್ತದೆ. ನಾವು ಮಾಡುತ್ತಿದ್ದದ್ದು ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆಯುವುದು, ಕೂಲಿ ಬಿಟ್ಟು ಯಾರೂ ಬರುವುದಿಲ್ಲ, ಸಂಜೆ ಪುಸ್ತಕ ಮನೆಮನೆಗೆ ಕಳಿಸಿ ಸಹಿ ಹಾಕಿಸುವುದು. ಹೆಂಡತಿ ಸದಸ್ಯೆ, ಸಹಿ ಗಂಡನದು! ನೀನು ಸಂಜೆ ಏಳಕ್ಕೆ ಕರೆ, ಅದೂ ಸೋಮವಾರ. ನಿಮ್ಮೂರಲ್ಲಿ ಸೋಮವಾರ ಎತ್ತು ಕಟ್ಟುವುದಿಲ್ಲ ಅಂತ ನಿನ್ನಪ್ಪ ಹೇಳುತ್ತಿದ್ದರು. ಹೆಂಗಸರು ಬಂದರೆ ಮೊದಲು ಮಾತಾಡುವುದು ಶೌಚಾಲಯದ ನೀರಿನ ಬಗ್ಗೆ. ಅದನ್ನು ಮೊದಲು ಸರಿ ಮಾಡಿಸು, ಉಳಿದದ್ದು ಆಮೇಲೆ.

ಬಿಸಿಯೂಟದಲ್ಲಿ ರುಚಿ ನೋಡಿದ ಶಾಸ್ತ್ರ ಮಾಡಿ ಪುಸ್ತಕದಲ್ಲಿ ಸಹಿ ಹಾಕಬೇಡ. ಮಕ್ಕಳ ಸಾಲಲ್ಲೇ ತಟ್ಟೆ ಹಿಡಿದು ಕೂತು ಊಟ ಮಾಡು. ಸಾರು ನೀರಾದರೆ ಮೊದಲ ತುತ್ತಿಗೇ ಗೊತ್ತಾಗುತ್ತದೆ. ಅಡುಗೆಯವರ ಜಾತಿ ಹಿಡಿದು ಊರಲ್ಲಿ ಯಾರಾದರೂ ಮಾತೆತ್ತಿದರೂ ಅಷ್ಟೇ, ಭಾಷಣ ಬೇಡ, ಎಲ್ಲರಿಗೂ ಕಾಣುವ ಹಾಗೆ ನೀನು ಮೊದಲು ಬಡಿಸಿಕೊ. ಪಾಲಕರು ಸಿಟ್ಟಾಗಬಹುದು, ಒಂದೆರಡು ಮಕ್ಕಳ ಟಿಸಿ ಕೇಳಬಹುದು. ಹೋಗಲಿ ಬಿಡು ಅನ್ನುವುದು ಸುಲಭವಲ್ಲ, ನನಗೆ ಗೊತ್ತು. ಖಾಸಗಿ ಶಾಲೆಯ ಹಳದಿ ವ್ಯಾನ್ ಊರ ಬಾಗಿಲಿಗೇ ಬಂದು ನಿಂತಿರುವಾಗ ಒಂದೊಂದು ಮಗುವೂ ಲೆಕ್ಕ. ಆದರೂ ಇದರಲ್ಲಿ ಹಿಂದೆ ಸರಿಯಬೇಡ.

ವ್ಯಾನ್‌ನವರನ್ನು ಬೈದು ಪ್ರಯೋಜನವಿಲ್ಲ. ಅಪ್ಪ ಅಮ್ಮ ಸಾಲ ಮಾಡಿ ಆ ಫೀಸು ಕಟ್ಟುವುದು ಸುಮ್ನೆ ಶೋಕಿಗಲ್ಲ. ನಮ್ಮಲ್ಲಿ ಮೂರು ವರ್ಷ ಕಳೆದ ಮಗು ತನ್ನ ಊರಿನ ಬೋರ್ಡು ಓದಲಿಲ್ಲ ಅಂದರೆ ಅವರು ಇನ್ನೇನು ಮಾಡಬೇಕು?

ಎಲ್ಲ ಒಂದೇ ವರ್ಷದಲ್ಲಿ ಆಗುವುದಿಲ್ಲ. ನಾಳೆ ಮಕ್ಕಳ ಮಾಹಿತಿ ಕಂಪ್ಯೂಟರಿಗೆ ತುಂಬುವ ಸ್ಯಾಟ್ಸ್ ಎಂಟ್ರಿಗೆ ಕೂರುವ ಮೊದಲು ಒಂದು ಕೆಲಸ ಮಾಡು. ನೀನು ಕಳಿಸಿದ ಫೋಟೋದಲ್ಲಿ, ಆಫೀಸ್ ರೂಮಿನ ಮೂಲೆಯಲ್ಲಿ, ಗಾಂಧಿ ಫೋಟೋ ಕೆಳಗೆ ಒಂದು ಹಸಿರು ಬೀರು ಕಂಡಿತು. ಅದರಲ್ಲಿ ಏನೇನಿದೆ ಅಂತ ನೋಡಿ ನನಗೆ ಬರೆ. ಬೀಗದ ಕೈ ಸಿಗಲಿಲ್ಲ ಅಂದರೆ ಹಳೆ ಎಚ್‌ಎಂ ಅವರನ್ನು ಕೇಳು, ಪಾಪ, ಅಭ್ಯಾಸಬಲಕ್ಕೆ ಜೇಬಲ್ಲೇ ಇಟ್ಟುಕೊಂಡು ಹೋಗಿರುತ್ತಾರೆ.

ನಿನ್ನ
ಮಾವ