ಕ್ಯಾಥರೀನ್ ತಾಯ್ ಆಯ್ಕೆ: ಹೊಲಿಗೆಯವರಿಗೂ ಸಂಬಂಧವಿದೆ

ಮಾರ್ಚ್ 2021

ಮಾನ್ಯರೇ,

ಬೇರೆ ದೇಶಗಳ ಜೊತೆ ವ್ಯಾಪಾರ ಒಪ್ಪಂದ ಮಾತಾಡುವ, ಅದರ ಜಾರಿ ನೋಡಿಕೊಳ್ಳುವ ಅಮೆರಿಕದ ವಾಣಿಜ್ಯ ಪ್ರತಿನಿಧಿ ಹುದ್ದೆಗೆ ಅಧ್ಯಕ್ಷ ಬೈಡನ್ ಹೆಸರಿಸಿರುವ ಕ್ಯಾಥರೀನ್ ತಾಯ್ ಅವರನ್ನು ಸೆನೆಟ್‌ನ ಹಣಕಾಸು ಸಮಿತಿ ಒಪ್ಪಿದೆ. ಇನ್ನು ಪೂರ್ತಿ ಸೆನೆಟ್ ಮತ ಹಾಕುವುದೊಂದು ಬಾಕಿ. ಅಲ್ಲಿನ ಕಾರ್ಮಿಕ ಸಂಘಗಳ ದೊಡ್ಡ ಒಕ್ಕೂಟ ಎಎಫ್‌ಎಲ್-ಸಿಐಒ ಆಕೆಯ ಬೆನ್ನಿಗೆ ನಿಂತಿದೆ. ಇದನ್ನು ಹೇಳಿದಾಗ ನನ್ನ ಪರಿಚಯದವರೊಬ್ಬರು, 'ಹಾಗಾದ್ರೆ ನಮ್ಮ ಎಕ್ಸ್‌ಪೋರ್ಟಿಗೆ ಕಲ್ಲು ಬಿತ್ತು ಬಿಡಿ' ಅಂದರು. ನನಗೆ ಹಾಗನಿಸಲಿಲ್ಲ. ಯಾಕೆ ಅಂತ ಹೇಳೋದಕ್ಕೇ ಈ ಪತ್ರ.

ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ 17 ವರ್ಷ ಟೈಲರ್ ಆಗಿದ್ದವಳು. ಕಾಲರ್ ಕೂರಿಸುವ ಕೆಲಸ. ನಮ್ಮ ಲೈನಿನ ಕೊನೆಗೆ ಪ್ಯಾಕಿಂಗ್ ಟೇಬಲ್ ಇತ್ತು. ಅಂಗಡಿಯಲ್ಲಿ ಕಾಣುವ ಡಾಲರ್ ಚೀಟಿಯನ್ನು ಶರ್ಟಿಗೆ ಅಲ್ಲೇ ಕಟ್ಟುತ್ತಿದ್ದರು. ಒಂದು ದಿನ ಊಟದ ಬೆಲ್ ಆದಮೇಲೆ ನಾಲ್ಕು ಜನ ಕೂತು ಲೆಕ್ಕ ಹಾಕಿದೆವು. ಚೀಟಿಯಲ್ಲಿ 34 ಡಾಲರ್ ಇತ್ತು. ಆಗಿನ ರೇಟಿಗೆ ಎರಡು ಸಾವಿರ ರೂಪಾಯಿ ದಾಟುತ್ತಿತ್ತು. ವಾರವಿಡೀ ಹೊಲಿದರೂ ನಮ್ಮ ಕೈಗೆ ಅಷ್ಟು ಬರುತ್ತಿರಲಿಲ್ಲ. ಆ ಶರ್ಟಿನ ಲೆಕ್ಕದಲ್ಲಿ ನಮ್ಮ ಪಾಲು ಎಷ್ಟು ಅಂತ ಕೇಳಬಹುದಾದ ಜಾಗ ಯಾವುದು ಅನ್ನೋದೇ ನಮಗೆ ಗೊತ್ತಿರಲಿಲ್ಲ. ಮಾಲು ಕೊಳ್ಳುವ ಬಯರ್ ಕಂಪನಿಯವರು ನೋಡಲು ಬಂದ ದಿನ ಫಸ್ಟ್ ಏಡ್ ಡಬ್ಬಿಯ ಬೀಗ ತೆಗೆಯುತ್ತಿದ್ದರು, ಟಾಯ್ಲೆಟ್ಟಿನಲ್ಲಿ ಸೋಪು ಬರುತ್ತಿತ್ತು. 'ಹೋಗೇ ಬಾರೇ' ಅನ್ನುತ್ತಿದ್ದ ಸೂಪರ್‌ವೈಸರ್ ಅವತ್ತೊಂದು ದಿನ 'ಬನ್ನಿ, ಹೋಗಿ' ಅನ್ನುತ್ತಿದ್ದ. ಅವರು ಕಾರು ಹತ್ತಿದ ಮೇಲೆ ಸೋಪೂ ಹೋಗುತ್ತಿತ್ತು.

ಈಗ ತಾಯ್ ವಿಷಯಕ್ಕೆ ಬರುತ್ತೇನೆ. ಅಪ್ಪ ಅಮ್ಮ ತೈವಾನ್‌ನಿಂದ ಅಮೆರಿಕಕ್ಕೆ ಬಂದವರು. ಈಕೆ ವಕೀಲೆ. ಅಮೆರಿಕ, ಮೆಕ್ಸಿಕೊ, ಕೆನಡಾ ನಡುವೆ 1994ರಿಂದ ನಾಫ್ಟಾ ಅನ್ನೋ ಒಪ್ಪಂದ ಇತ್ತು. ಟ್ರಂಪ್ ಅದನ್ನು ಬದಲಿಸಿ ಹೊಸದು ಬರೆಸಿದರು. ಅದರಲ್ಲಿ ಕಾರ್ಮಿಕರ ಭಾಗ ಪೊಳ್ಳು ಅಂತ ಸಂಘಗಳು ಪಟ್ಟು ಹಿಡಿದವು. 2019ರಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯ ಡೆಮಾಕ್ರಟರು ಆ ಭಾಗವನ್ನು ಮತ್ತೆ ಬರೆಸಿದರು. ವ್ಯಾಪಾರದ ವಿಷಯ ನೋಡುವ ಕೆಳಮನೆಯ ಸಮಿತಿಯಲ್ಲಿ ಅವರ ಕಡೆಯ ಮುಖ್ಯ ವಾಣಿಜ್ಯ ವಕೀಲೆ ಆಗಿದ್ದವರು ಇದೇ ತಾಯ್. ವ್ಯಾಪಾರ ಒಪ್ಪಂದ ಅಂದರೆ ಉರಿದುಬೀಳುತ್ತಿದ್ದ ಎಎಫ್‌ಎಲ್-ಸಿಐಒ ಕೂಡ ಕೊನೆಗೆ ಸರಿ ಅಂತು. 2020ರ ಜುಲೈ 1ರಿಂದ ಅದು ಜಾರಿಯಲ್ಲಿದೆ.

ಮೆಕ್ಸಿಕೊದ ಕಥೆ ಕೇಳಿದರೆ ನಮ್ಮ ಪಕ್ಕದ ಬೀದಿಯದ್ದು ಅನಿಸುತ್ತದೆ. ಅಲ್ಲಿ ಎಷ್ಟೋ ಕಡೆ ಕಾರ್ಖಾನೆ ಬಾಗಿಲು ತೆರೆಯೋ ಮೊದಲೇ ಯಾವುದೋ ಸಂಘ ಮಾಲೀಕನ ಜೊತೆ ಕೂತು ಸಂಬಳದ ಕರಾರಿಗೆ ಸಹಿ ಹಾಕಿರುತ್ತಿತ್ತು. ಆಮೇಲೆ ಕೆಲಸಕ್ಕೆ ಸೇರಿದವರಿಗೆ ತಮಗೊಂದು ಸಂಘ ಇದೆ ಅನ್ನೋದೇ ಗೊತ್ತಿಲ್ಲ! 2019ರ ಮೇ 1ರಂದು ಮೆಕ್ಸಿಕೊ ಕಾನೂನು ಬದಲಿಸಿತು. ಇನ್ನು ಮುಂದೆ ಕರಾರಿಗೆ ಕೆಲಸಗಾರರೇ ಗುಟ್ಟಿನ ಮತ ಹಾಕಿ ಒಪ್ಪಿಗೆ ಕೊಡಬೇಕು. ಹೊಸ ಒಪ್ಪಂದದ ಪ್ರಕಾರ, ಯಾವುದಾದರೂ ಒಂದು ಕಾರ್ಖಾನೆ ಸಂಘ ಕಟ್ಟುವ ಹಕ್ಕನ್ನು ತುಳಿದರೆ ಆ ಕಾರ್ಖಾನೆಯ ಮೇಲೆಯೇ ದೂರು ಕೊಡಬಹುದು. ದೂರು ನಿಜವಾದರೆ ಅದರ ಮಾಲಿಗೆ ಸಿಗುವ ಸುಂಕದ ರಿಯಾಯಿತಿ ನಿಲ್ಲುತ್ತದೆ. ಇಡೀ ದೇಶಕ್ಕೆ ಬರೆ ಹಾಕುವುದಲ್ಲ, ತಪ್ಪು ಮಾಡಿದ ಗೇಟಿಗೆ ಮಾತ್ರ. ಇದನ್ನು ಈವರೆಗೆ ಯಾರೂ ಬಳಸಿ ನೋಡಿಲ್ಲ. ಸಂಘಗಳು ತಾಯ್ ಬೇಕು ಅನ್ನುವುದಕ್ಕೆ ಒಂದು ಕಾರಣ ಇದೇ ಅಂತ ನನ್ನ ಅಂದಾಜು. ಬರೆಸಿದವರ ಕೈಯಲ್ಲೇ ಜಾರಿಯೂ ಇರಲಿ ಅಂತ.

ನನಗೂ ಅನುಮಾನ ಇಲ್ಲ ಅಂತಲ್ಲ. ಅಮೆರಿಕದ ಸಂಘಗಳು ಮೊದಲು ನೋಡೋದು ತಮ್ಮವರ ಕೆಲಸವನ್ನೇ. ನಮ್ಮ ಮೇಲಿನ ಪ್ರೀತಿಗೆ ಅವರು ಬೀದಿಗಿಳಿಯುವುದಿಲ್ಲ. ಸುಮ್ನೆ ಬೆಣ್ಣೆ ಹಚ್ಚಿ ಏನು ಪ್ರಯೋಜನ? ಆದರೆ ಅವರ ಸ್ವಾರ್ಥವೂ ನಮ್ಮ ಸ್ವಾರ್ಥವೂ ಒಂದೇ ದಾರಿಯಲ್ಲಿ ಸಿಕ್ಕಾಗ ಮುಖ ತಿರುಗಿಸಬೇಕಾ? ಢಾಕಾ ಹತ್ತಿರ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತದ್ದು 2013ರ ಏಪ್ರಿಲ್‌ನಲ್ಲಿ. ಬಡ ದೇಶಗಳ ಮಾಲಿಗೆ ಅಮೆರಿಕ ಕೊಡುತ್ತಿದ್ದ ಸುಂಕ ರಿಯಾಯಿತಿಯನ್ನು ಬಾಂಗ್ಲಾದೇಶಕ್ಕೆ ನಿಲ್ಲಿಸಿ ಅಂತ ಎಎಫ್‌ಎಲ್-ಸಿಐಒ ಅರ್ಜಿ ಹಾಕಿದ್ದು ಅದಕ್ಕೆ ಆರು ವರ್ಷ ಮೊದಲು, 2007ರಲ್ಲಿ. ಕಟ್ಟಡ ಬಿದ್ದ ಮೇಲೆ ರಿಯಾಯಿತಿ ನಿಂತಿತು. ಅರ್ಜಿ ಆರು ವರ್ಷ ವಾಣಿಜ್ಯ ಪ್ರತಿನಿಧಿಯ ಮೇಜಿನ ಮೇಲಿತ್ತು. ಆ ಮೇಜಿನ ಹಿಂದೆ ಯಾರು ಕೂರುತ್ತಾರೆ ಅನ್ನೋದು ಅದಕ್ಕೇ ಮುಖ್ಯ.

ಇನ್ನು ನಮ್ಮ ದೇಶದ್ದು. 2019ರ ಜೂನ್ 5ರಿಂದ ಅದೇ ರಿಯಾಯಿತಿ ನಮಗೂ ನಿಂತಿದೆ. ಜಗಳ ಯಾವುದಕ್ಕೆ? ಅವರ ಹಾಲಿನ ಪದಾರ್ಥಕ್ಕೆ, ಹೃದಯದ ಸ್ಟೆಂಟಿನಂಥ ವೈದ್ಯಕೀಯ ಸಾಮಾನಿಗೆ. ಆ ಕಡೆಯವರೂ ಈ ಕಡೆಯವರೂ ಸ್ಟೆಂಟಿನ ಬೆಲೆ ಬಗ್ಗೆ ಹಟ ಹಿಡಿದರು. ಹೊಲಿಯುವ ಕೈಗಳ ಕೂಲಿ ಬಗ್ಗೆ ಹಟ ಹಿಡಿದವರು ಯಾರೂ ಇರಲಿಲ್ಲ. ನಮ್ಮವರಿಗೆ ನಮ್ಮ ದನಿ ಕೇಳಿಸೋದು ರಸ್ತೆಗೆ ಇಳಿದಾಗ ಮಾತ್ರ. 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮ ಬದಲಾದಾಗ ಗಾರ್ಮೆಂಟ್ಸ್ ಹೆಂಗಸರು ಎರಡು ದಿನ ಹೊಸೂರು ರಸ್ತೆಯಲ್ಲಿ ಕೂತರು. ನಾನೂ ಅಲ್ಲಿದ್ದೆ, ಚಪ್ಪಲಿ ಕಳೆದುಕೊಂಡು ಬಂದೆ. ನಿಯಮ ವಾಪಸ್ ಆಯಿತು. ಹೋದ ವರ್ಷ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ದಿನಕ್ಕೆ ಹತ್ತು ಗಂಟೆ ದುಡಿಸಬಹುದು ಅಂತ ಆದೇಶ ಹೊರಡಿಸಿ ಮೂರೇ ವಾರದಲ್ಲಿ ಹಿಂದೆ ತೆಗೆದುಕೊಂಡಿತು. ಜೂನ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಒಂದು ಕಾರ್ಖಾನೆ ಮುಚ್ಚಿ 1,200ಕ್ಕೂ ಹೆಚ್ಚು ಜನ ಗೇಟಿನಾಚೆ ನಿಂತಿದ್ದರು.

ಹಾಗಾಗಿ ಸೆನೆಟ್ ಆಕೆಯನ್ನು ಒಪ್ಪಲಿ ಅಂತ ನನ್ನ ಆಸೆ. ನನ್ನ ಮತಕ್ಕೆ ಅಲ್ಲಿ ಬೆಲೆ ಇಲ್ಲ, ಅದು ಬೇರೆ ಮಾತು. ಆಮೇಲೊಂದು ದಿನ ಆಕೆ ಮಾತುಕತೆಗೆ ದೆಹಲಿಗೆ ಬಂದೇ ಬರುತ್ತಾರೆ. ನಮ್ಮ ವಾಣಿಜ್ಯ ಸಚಿವರು ಅದಕ್ಕೆ ಮೊದಲು ಒಂದು ಸಲ ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಸಂಜೆ ಕೆಲಸ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತರೆ ಸಾಕು, ಬೇಡಿಕೆಗಳ ಪಟ್ಟಿ ಕೊಡೋದಕ್ಕೆ ಜನ ಇದ್ದಾರೆ. ಬರುವ ವಿಷಯ ಮೊದಲೇ ಮ್ಯಾನೇಜರಿಗೆ ತಿಳಿಸದಿದ್ದರೆ ಒಳ್ಳೆಯದು. ಸೋಪು ಇಟ್ಟುಬಿಡುತ್ತಾರೆ.

ಇಂತಿ,
ಒಬ್ಬ ಮಾಜಿ ಗಾರ್ಮೆಂಟ್ಸ್ ಟೈಲರ್
ಬೆಂಗಳೂರು