ಪದಪಟ್ಟಿ ಸಾಲದು, ವಿವರಣೆ ಕೊಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಉದ್ಯೋಗ ಪುಟದಲ್ಲಿ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆ ಬರೆಯುವವರಿಗಾಗಿ ಒಂದು ಪಟ್ಟಿ ಬಂದಿತ್ತು. ನಲವತ್ತು ಪದ, ಎದುರಿಗೆ ಅವುಗಳ ಪೂರ್ಣರೂಪ. ಡಿಎನ್‌ಎಸ್ ಅಂದರೆ ಡೊಮೈನ್ ನೇಮ್ ಸಿಸ್ಟಂ, ಡಿಎಚ್‌ಸಿಪಿ ಅಂದರೆ ಡೈನಮಿಕ್ ಹೋಸ್ಟ್ ಕಾನ್ಫಿಗರೇಷನ್ ಪ್ರೋಟೊಕಾಲ್, ಹೀಗೆ. ಕನ್ನಡ ಪತ್ರಿಕೆಯಲ್ಲಿ ಈ ಪರೀಕ್ಷೆಯ ಸುದ್ದಿ ಬಂದದ್ದೇ ನನಗೆ ಖುಷಿ. ಆದರೆ ಆ ಪಟ್ಟಿ ನೋಡಿದಾಗ ಸುಮ್ನೆ ಇರಲು ಆಗಲಿಲ್ಲ. ಅಂಥದ್ದೇ ಒಂದು ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಹೋಗಿ ನಾನು ಒಂದು ಸಲ ಫೇಲ್ ಆಗಿದ್ದೇನೆ.

ಹನ್ನೊಂದು ವರ್ಷದಿಂದ ಆಫೀಸುಗಳಿಗೆ ನೆಟ್‌ವರ್ಕ್ ಕೇಬಲ್ ಎಳೆಯುವುದು ನನ್ನ ಕೆಲಸ. ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ಕೇಬಲ್ಲಿನ ತುದಿ ಸುಲಿದು ಎಂಟು ತಂತಿ ಬಿಡಿಸಿ, ವೈಟ್ ಆರೆಂಜ್, ಆರೆಂಜ್, ವೈಟ್ ಗ್ರೀನ್, ಬ್ಲೂ, ವೈಟ್ ಬ್ಲೂ, ಗ್ರೀನ್, ವೈಟ್ ಬ್ರೌನ್, ಬ್ರೌನ್ ಅಂತ ಜೋಡಿಸಿ ಕನೆಕ್ಟರ್ ಒತ್ತುವುದನ್ನು ಕಣ್ಣು ಮುಚ್ಚಿಕೊಂಡು ಮಾಡಬಲ್ಲೆ. ಈ ಬಣ್ಣಗಳ ಸಾಲಿಗೆ ಟಿ568ಬಿ ಅಂತ ಹೆಸರಿದೆ ಅನ್ನುವುದು ನನಗೆ ಗೊತ್ತಾಗಿದ್ದು ಪರೀಕ್ಷೆಗೆ ಓದಲು ಕೂತ ಮೇಲೆ.

ಲ್ಯಾಪ್‌ಟಾಪಿನಲ್ಲಿ ಐಪಿ ವಿಳಾಸ, ಅಂದರೆ ಜಾಲದಲ್ಲಿ ಆ ಯಂತ್ರವನ್ನು ಗುರುತಿಸುವ ಸಂಖ್ಯೆ, 169.254 ಅಂತ ಶುರುವಾದರೆ ಎಲ್ಲೋ ಎಡವಟ್ಟಾಗಿದೆ ಅಂತ ನನಗೆ ಮೊದಲ ವರ್ಷದಲ್ಲೇ ತಿಳಿದಿತ್ತು. ಕೇಬಲ್ ಬಿಟ್ಟಿರುತ್ತದೆ, ಇಲ್ಲವೇ ವಿಳಾಸ ಹಂಚುವ ಸರ್ವರ್ ಉತ್ತರ ಕೊಡುತ್ತಿರುವುದಿಲ್ಲ. ಆಗ ಲ್ಯಾಪ್‌ಟಾಪ್ ತನಗೆ ತಾನೇ ಒಂದು ವಿಳಾಸ ಹಾಕಿಕೊಳ್ಳುತ್ತದೆ. ಕೋಚಿಂಗ್ ಕ್ಲಾಸಿನ ಅಣಕು ಪರೀಕ್ಷೆಯಲ್ಲಿ ಎಪಿಐಪಿಎ ಅನ್ನುವ ಪದ ಬಂತು. ಪೂರ್ಣರೂಪ ಬಾಯಿಗೆ ಬರುತ್ತಿತ್ತು. ಪ್ರಶ್ನೆ ಮಾತ್ರ ಬಿಟ್ಟು ಬಂದೆ. ನೂರು ಸಲ ಕಣ್ಣಾರೆ ಕಂಡ 169.254ಕ್ಕೇ ಆ ಹೆಸರು ಅಂತ ಹೇಳಿಕೊಟ್ಟವರು ಒಬ್ಬರೂ ಇರಲಿಲ್ಲ.

ಪೂರ್ಣರೂಪದಿಂದ ಆಗುವ ತೊಂದರೆ ಇದು. ಗೊತ್ತಿಲ್ಲದ ಒಂದು ಇಂಗ್ಲಿಷ್ ಪದದ ಜಾಗಕ್ಕೆ ಗೊತ್ತಿಲ್ಲದ ನಾಲ್ಕು ಇಂಗ್ಲಿಷ್ ಪದ ಬಂದು ಕೂರುತ್ತವೆ.

ಗೊತ್ತಿದೆ ಅಂದುಕೊಂಡ ಪದಗಳ ಕಾಟ ಇನ್ನೂ ಜಾಸ್ತಿ. ಒಮ್ಮೆ ಒಂದು ಆಫೀಸಿನಲ್ಲಿ ಕೆಲಸ ಮುಗಿಸುವ ಹೊತ್ತಿಗೆ ಎಂಜಿನಿಯರ್ ಒಬ್ಬರು ಫೋನ್ ಮಾಡಿದರು. ‘ಪೋರ್ಟ್ 22 ಕ್ಲೋಸ್ ಆಗಿದೆ, ಸ್ವಲ್ಪ ನೋಡಿ’ ಅಂದರು. ರ‍್ಯಾಕ್ ಹತ್ತಿರ ಹೋದೆ. 24 ಪೋರ್ಟಿನ ಸ್ವಿಚ್, ಅಂದರೆ ಕಂಪ್ಯೂಟರುಗಳ ಕೇಬಲ್ ಸಿಕ್ಕಿಸಿ ಜೋಡಿಸುವ 24 ಕಿಂಡಿಗಳ ಪೆಟ್ಟಿಗೆ. 22ನೆಯದರಲ್ಲಿ ಕೇಬಲ್ ಸರಿಯಾಗೇ ಕೂತಿದೆ, ಹಸಿರು ಲೈಟ್ ಮಿನುಗುತ್ತಿದೆ. ‘ಸರ್, 22 ಚೆನ್ನಾಗೇ ಇದೆ’ ಅಂದೆ. ‘ಇಲ್ಲಪ್ಪಾ, ನನಗೆ ಕ್ಲೋಸ್ ಅಂತಲೇ ತೋರಿಸ್ತಿದೆ’ ಅಂದರು. ಕೇಬಲ್ ತೆಗೆದು ಮತ್ತೆ ಹಾಕಿದೆ. ಟೆಸ್ಟರ್ ಇಟ್ಟು ಎಂಟೂ ತಂತಿ ನೋಡಿದೆ. ಕೊನೆಗೆ ಕನೆಕ್ಟರನ್ನೇ ಕತ್ತರಿಸಿ ಹೊಸದು ಒತ್ತಿದೆ. ಅರ್ಧ ಗಂಟೆ ಹೋಯಿತು. ಅವರು ಹೇಳುತ್ತಿದ್ದ ಪೋರ್ಟ್ ಬೇರೆಯೇ ಆಗಿತ್ತು.

ಒಂದು ಯಂತ್ರಕ್ಕೆ ಐಪಿ ವಿಳಾಸ ಒಂದೇ ಇರಬಹುದು, ಒಳಗೆ ಓಡುವ ಪ್ರೋಗ್ರಾಂಗಳು ಹಲವಾರು. ಬಂದ ಮಾಹಿತಿ ಅವುಗಳಲ್ಲಿ ಯಾವುದಕ್ಕೆ ಸೇರಬೇಕು ಅಂತ ಹೇಳುವ ಸಂಖ್ಯೆಗೂ ಪೋರ್ಟ್ ಅಂತಲೇ ಹೆಸರು. 0ಯಿಂದ 65535ರವರೆಗೆ ಇರುತ್ತವೆ. ದೂರದಿಂದ ಯಂತ್ರದೊಳಗೆ ಹೋಗಿ ಕೆಲಸ ಮಾಡುವ ಎಸ್‌ಎಸ್‌ಎಚ್‌ಗೆ 22, ಹೆಸರು ಹೇಳಿದರೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗೆ 53, ಸುರಕ್ಷಿತ ವೆಬ್‌ಸೈಟಿಗೆ 443. ಇಷ್ಟನ್ನು ಕನ್ನಡದಲ್ಲಿ ಹೇಳಲು ನಾಲ್ಕು ಸಾಲು ಸಾಕಾಯಿತು, ಅಲ್ವಾ? ಆ ನಾಲ್ಕು ಸಾಲು ಅವತ್ತು ನನ್ನ ಹತ್ತಿರ ಇರಲಿಲ್ಲ.

ಫೇಲ್ ಆದ ಮೇಲೆ ಪಟ್ಟಿ ಪಕ್ಕಕ್ಕಿಟ್ಟು ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಎಡಗಡೆ ಪದ, ಇಂಗ್ಲಿಷಿನಲ್ಲಿ ಹೇಗಿದೆಯೋ ಹಾಗೇ. ಬಲಗಡೆ ಅದು ಮಾಡುವ ಕೆಲಸ, ನನ್ನ ಮಾತಿನಲ್ಲಿ. ಡಿಎಚ್‌ಸಿಪಿ ಪುಟದಲ್ಲಿ ಹೀಗೆ ಬರೆದಿದ್ದೇನೆ. ಹೊಸ ಯಂತ್ರ ಕೂಗುತ್ತದೆ: ‘ವಿಳಾಸ ಕೊಡುವವರು ಯಾರಾದರೂ ಇದ್ದೀರಾ?’ ಸರ್ವರ್ ಹೇಳುತ್ತದೆ: ‘ಇದು ಖಾಲಿ ಇದೆ, ಬೇಕಾ?’ ಯಂತ್ರ: ‘ಸರಿ, ಅದನ್ನೇ ಕೊಡಿ.’ ಸರ್ವರ್: ‘ಆಯ್ತು, ಇಷ್ಟು ದಿನ ನಿನ್ನದು.’ ಡಿಸ್ಕವರ್, ಆಫರ್, ರಿಕ್ವೆಸ್ಟ್, ಅಕ್ನಾಲೆಜ್ ಅನ್ನುವ ನಾಲ್ಕು ಹೆಸರನ್ನು ಈ ನಾಲ್ಕು ಮಾತಿನ ಪಕ್ಕ ಬರೆದುಕೊಂಡೆ. ಆಮೇಲೆ ಒಮ್ಮೆಯೂ ಕ್ರಮ ತಪ್ಪಲಿಲ್ಲ. ‘ಇಷ್ಟು ದಿನ’ ಅನ್ನುವುದೇ ಲೀಸ್. ಸಾಮಾನ್ಯವಾಗಿ ಅರ್ಧ ಅವಧಿ ಕಳೆದಾಗಲೇ ಯಂತ್ರ ‘ಮುಂದುವರಿಸಿ’ ಅಂತ ಕೇಳಲು ಶುರು ಮಾಡುತ್ತದೆ.

ಪದ ಎಲ್ಲಿಂದ ಬಂತು ಅಂತ ತಿಳಿದರೂ ಅದು ನೆನಪಿನಲ್ಲಿ ನಿಲ್ಲುತ್ತದೆ. ದಿನಕ್ಕೆ ಹತ್ತು ಸಲ ‘ಪಿಂಗ್ ಮಾಡಿ ನೋಡು’ ಅನ್ನುತ್ತೇವೆ. 1983ರಲ್ಲಿ ಅಮೆರಿಕದ ಮೈಕ್ ಮ್ಯೂಸ್ ಆ ಪುಟ್ಟ ಪ್ರೋಗ್ರಾಂ ಬರೆದಾಗ ಅವರ ಮನಸ್ಸಿನಲ್ಲಿದ್ದದ್ದು ಸೋನಾರ್. ನೀರಿನೊಳಗೆ ಸದ್ದು ಕಳಿಸಿ ಅದು ಏನಕ್ಕೋ ಬಡಿದು ವಾಪಸು ಬರುವುದನ್ನು ಕೇಳುವ ಸಾಧನ ಅದು. ನಮ್ಮ ಪಿಂಗ್ ಕೂಡ ಒಂದು ಚಿಕ್ಕ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅಂತ ಹೇಳುತ್ತದೆ.

ಡಿಎನ್‌ಎಸ್ ಕೂಡ ಅಷ್ಟೇ. ಅದಕ್ಕೂ ಮುಂಚೆ ಎಲ್ಲ ಕಂಪ್ಯೂಟರುಗಳ ಹೆಸರೂ ವಿಳಾಸವೂ ಒಂದೇ ಫೈಲಿನಲ್ಲಿದ್ದವು. ಎಲ್ಲರೂ ಅದನ್ನು ನಕಲು ಮಾಡಿಕೊಳ್ಳಬೇಕಿತ್ತು. ಕಂಪ್ಯೂಟರುಗಳು ಹೆಚ್ಚಿದ ಹಾಗೆ ಅದು ಕೈಮೀರಿತು. ಹಾಗಾಗಿ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಈ ಹೊಸ ವ್ಯವಸ್ಥೆ ರೂಪಿಸಿದರು. ಇದನ್ನು ಓದಿದ ದಿನ ನನಗೆ ಆ ಮೂರು ಅಕ್ಷರಗಳ ಅಗತ್ಯ ಅರ್ಥವಾಯಿತು.

ಹಾಗಂತ ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿ ಅಂತ ನಾನು ಕೇಳುತ್ತಿಲ್ಲ. ಪೋರ್ಟ್‌ಗೆ ಬಂದರು ಅಂದರೆ ನನಗೆ ಉಪಯೋಗವಿಲ್ಲ. ನಾನು ಬರೆದ ಪರೀಕ್ಷೆ ಇಂಗ್ಲಿಷಿನಲ್ಲಿತ್ತು, ಸ್ವಿಚ್ಚಿನ ಪರದೆಯ ಮೇಲೂ ಇಂಗ್ಲಿಷ್ ಪದವೇ ಇರುತ್ತದೆ. ಪದ ಹಾಗೇ ಇರಲಿ, ವಿವರಣೆ ನಮ್ಮದಾಗಿರಲಿ. ಪ್ಯಾಕೆಟ್ ಅನ್ನುವ ಪದವನ್ನೇ ನೋಡಿ. 1960ರ ದಶಕದಲ್ಲಿ ಬ್ರಿಟನ್ನಿನ ಡೊನಾಲ್ಡ್ ಡೇವಿಸ್, ಜಾಲದಲ್ಲಿ ಬಿಡಿಬಿಡಿಯಾಗಿ ಸಾಗುವ ಮಾಹಿತಿಯ ತುಂಡಿಗೆ ಹೆಸರು ಹುಡುಕುವಾಗ ಭಾಷೆ ಬಲ್ಲವರೊಬ್ಬರನ್ನು ಕೇಳಿ, ಬೇರೆ ಭಾಷೆಯವರಿಗೂ ಒಗ್ಗುವಂಥ ಪದ ಆರಿಸಿದರು. ಕನ್ನಡದಲ್ಲಿ ಪ್ಯಾಕೆಟ್ ಅಂದರೆ ಇವತ್ತು ಯಾರಿಗೆ ಗೊತ್ತಿಲ್ಲ ಹೇಳಿ?

ನನ್ನ ಕೋರಿಕೆ ಇಷ್ಟೇ. ಉದ್ಯೋಗ ಪುಟದ ಒಂದು ಮೂಲೆಯಲ್ಲಿ ವಾರಕ್ಕೆ ಒಂದೇ ಒಂದು ಪದ ಹಾಕಿ. ಅದು ಏನು ಮಾಡುತ್ತದೆ, ಕೆಟ್ಟರೆ ಪರದೆಯ ಮೇಲೆ ಏನು ಕಾಣುತ್ತದೆ, ಯಾವ ಪದದ ಜೊತೆ ಗೊಂದಲವಾಗುತ್ತದೆ ಅಂತ ನೂರೈವತ್ತು ಪದಗಳಲ್ಲಿ ಬರೆಸಿ. ದಿನವೂ ಆ ಕೆಲಸ ಮಾಡುವವರಿಂದಲೇ ಬರೆಸಿ. ಹಬ್, ಸ್ವಿಚ್, ರೂಟರ್ ಈ ಮೂರರ ವ್ಯತ್ಯಾಸದಿಂದ ಶುರು ಮಾಡಬಹುದು. ಮೆಗಾಬಿಟ್ ಮತ್ತು ಮೆಗಾಬೈಟ್ ಕೂಡ ಬೇಗ ಬರಲಿ. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ 100 ಮೆಗಾಬಿಟ್ ಕನೆಕ್ಷನ್ನಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಬರುತ್ತದೆ ಅಂತ ಜನರಿಗೆ ಬಿಡಿಸಿ ಹೇಳಿ ಹೇಳಿ ನನಗೆ ಸಾಕಾಗಿದೆ.

ಎರಡನೇ ಸಲ ನಾನು ಪಾಸಾದೆ. ಈಗ ನನ್ನ ಜೊತೆ ಕೇಬಲ್ ಎಳೆಯುವ ಇಬ್ಬರು ಹುಡುಗರು ಅದೇ ಪರೀಕ್ಷೆಗೆ ಓದುತ್ತಿದ್ದಾರೆ, ನೋಟ್‌ಬುಕ್ ಅವರ ಕೈಯಲ್ಲಿದೆ. ಅವರು ಸಬ್‌ನೆಟ್ ಮಾಸ್ಕ್ ಹತ್ತಿರ ನಿಂತಿದ್ದಾರೆ. ಐಪಿ ವಿಳಾಸದಲ್ಲಿ ಎಷ್ಟು ಭಾಗ ನೆಟ್‌ವರ್ಕಿನದು, ಎಷ್ಟು ಯಂತ್ರದ್ದು ಅಂತ ಹೇಳುವುದು ಅದು. /26 ಅಂದರೆ ವಿಳಾಸದ 32 ಬಿಟ್‌ಗಳಲ್ಲಿ 26 ನೆಟ್‌ವರ್ಕಿಗೆ ಹೋದವು, ಉಳಿದ ಆರರಲ್ಲಿ 64 ವಿಳಾಸ, ಮೊದಲನೆಯದು ಕೊನೆಯದು ಬಿಟ್ಟರೆ ಯಂತ್ರಗಳಿಗೆ 62 ಅನ್ನುವುದನ್ನು ನಿನ್ನೆ ಕೇಬಲ್ ಡಬ್ಬದ ರಟ್ಟಿನ ಮೇಲೆ ಗೀಚಿ ತೋರಿಸಿದೆ. ಅದನ್ನು ಚೆನ್ನಾಗಿ ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ಅಂಕಣಕ್ಕೆ ಬೇಕಾದರೆ ಬಳಸಿಕೊಳ್ಳಿ, ಸಂಭಾವನೆ ಬೇಡ.

ಇಂತಿ,
ಕೇಬಲ್ ಕೆಲಸದ ಒಬ್ಬ ಓದುಗ